ಮೂರನೇ ನಂಬರಿನ ಡಿಸ್ಕ್

ಲ್ಯಾಬಿನ ಸ್ಟೋರೇಜ್ ಪೆಟ್ಟಿಗೆಯಿಂದ ಹೊರಗೆಳೆದ ಡಿಸ್ಕ್ ಲವೀನಾಳ ಅಂಗೈಯಲ್ಲಿ ಇನ್ನೂ ತಿರುಗುತ್ತಿತ್ತು. ಕೆಟ್ಟ ಡಿಸ್ಕ್ ತಿರುಗುವುದಿಲ್ಲ. ಕೆಟ್ಟಿದ್ದ ಮೂರನೇ ನಂಬರಿನದನ್ನು ತೆಗೆಯಬೇಕಿತ್ತು. ಡಿಸ್ಕುಗಳ ನಂಬರು ಸೊನ್ನೆಯಿಂದ ಶುರುವಾಗುತ್ತದೆ; ಅವಳು ಒಂದರಿಂದ ಎಣಿಸಿ ಪಕ್ಕದ್ದನ್ನು ಎಳೆದಿದ್ದಳು. ಒಂದು ಡಿಸ್ಕ್ ಹೋದರೆ ಆ ಸ್ಟೋರೇಜ್ ತಾಳಿಕೊಳ್ಳುತ್ತದೆ, ಎರಡು ಹೋದರೆ ಇಲ್ಲ. ಇಡೀ ಕ್ಲಾಸಿನ ಪ್ರಾಜೆಕ್ಟುಗಳು ಪರದೆಯಿಂದ ಮಾಯವಾಗಿದ್ದವು.

“ಸರ್, ಸರಿ ಇದ್ದದ್ದನ್ನೇ ಎಳೆದುಬಿಟ್ಟೆ,” ಎಂದಳು.

ಧಾರವಾಡದಿಂದ ಈ ಕೊಲ್ಲಿ ದೇಶಕ್ಕೆ ಪಾಠ ಹೇಳಲು ಬಂದಿದ್ದ ಶಿವಪ್ರಕಾಶ ಸರ್ ಬೈಯಲಿಲ್ಲ. “ಅಂಜಬ್ಯಾಡ. ಬ್ಯಾಕಪ್ ಟೇಪ್ ಐತಲ್ಲ. ಬುಧವಾರಕ್ಕೊಮ್ಮೆ ಎಲ್ಲಾ ಅದಕ್ಕ ಕಾಪಿ ಮಾಡಿ ಸಹಿ ಹಾಕಾಕಿ ನೀನ ಅಲ್ಲೇನು?” ಎನ್ನುತ್ತಾ ಕಪಾಟಿನ ಬೀಗ ತೆಗೆಯತೊಡಗಿದರು.

ಇಲ್ಲಿ ವಾರದ ರಜೆ ಗುರುವಾರ, ಶುಕ್ರವಾರ; ಸೀಬ್ ಊರಿನ ಮನೆಗೆ ಹೋಗುವ ಬಸ್ಸು ತಪ್ಪೀತೆಂದು ಪ್ರತಿ ಬುಧವಾರ ಲವೀನಾ ಬರೀ ಸಹಿ ಹಾಕಿ ಓಡುತ್ತಿದ್ದಳು. ಕಪಾಟಿನೊಳಗಿನ ಟೇಪಿನ ಪ್ಲಾಸ್ಟಿಕ್ ಹೊದಿಕೆಯನ್ನು ಯಾರೂ ಇನ್ನೂ ಹರಿದಿರಲಿಲ್ಲ.