ಲೊಚ್ ಎಂದ ಸತ್ಯಪ್ಪ

ಊರಿನಲ್ಲಿ ಮನುಷ್ಯರ ಕಾಯಿಲೆ ಕಸಾಲೆಯ ಸುದ್ದಿಯೇ ಬೇಕಾದಷ್ಟಿರುವಾಗ ಒಂದು ಹಲ್ಲಿಯ ಆರೋಗ್ಯದ ಕಥೆ ಹೇಳಲು ಹೊರಟಿರುವುದು ಅಧಿಕಪ್ರಸಂಗವೇ ಸರಿ, ಕ್ಷಮೆ ಇರಲಿ. ಆದರೆ ಆ ಸಂಜೆ ಗೌರಿಬಿದನೂರಿನ ಗುಮಾಸ್ತ ಯೋಗನರಸಿಂಹ ಅವರಿಗೆ ಅದಕ್ಕಿಂತ ದೊಡ್ಡ ವಿಷಯ ಜಗತ್ತಿನಲ್ಲಿ ಇರಲಿಲ್ಲ. ಬೆಂಗಳೂರಿನ ಪ್ರಾಣಿವೈದ್ಯೆ ಫೋನಿನಲ್ಲಿ ಹೇಳುತ್ತಿದ್ದರು: "ನೋಡಿ ಸರ್, ಜನ ಹತ್ತಿರ ಬಂದಾಗ ಮಾತ್ರ ಆ ಲೊಚ್ ಅನ್ನೋ ಸದ್ದು ಮಾಡಿದ್ರೆ ಬರೀ ಹೆದರಿಕೆ. ಯಾರೂ ಇಲ್ಲದಾಗಲೂ ಮಾಡಿದ್ರೆ ಎದೆಯಲ್ಲಿ ಸೋಂಕಿರಬಹುದು, ಆಗ ತಡ ಮಾಡದೆ ಇಲ್ಲಿಗೆ ತನ್ನಿ. ಒಂದು ಸಂಜೆ ಅದನ್ನ ಒಂಟಿಯಾಗಿ ಬಿಟ್ಟು, ಮರೆಯಲ್ಲಿ ನಿಂತು ಕೇಳಿಸ್ಕೊಳ್ಳಿ. ಈಗ ಒಂಟಿಯಾಗಿದೆ ತಾನೇ?"

ಯೋಗನರಸಿಂಹ ರೂಮಿನೊಳಗೆ ಇಣುಕಿದರು. ಗಾಜಿನ ಪೆಟ್ಟಿಗೆಯ ಮುಂದೆ ಹೆಂಡತಿ ವಿಶಾಲಾಕ್ಷಮ್ಮ ಚಾಪೆ ಹಾಸಿ ಕೂತಿದ್ದರು. ಪಕ್ಕದಲ್ಲಿ ಎದುರುಮನೆಯ ಅಮ್ಮಾಜಮ್ಮ, ಕೈಯಲ್ಲಿ ಎರಡು ಬಾಳೆಹಣ್ಣು.

"ಸ್ವಲ್ಪ ಕಷ್ಟ ಇದೆ ಮೇಡಂ," ಎಂದು ಫೋನಿಟ್ಟರು.

ಮಹಡಿಯಲ್ಲಿ ಬಾಡಿಗೆಗಿದ್ದ ಫ್ಯಾಕ್ಟರಿ ಹುಡುಗ ರೂಮು ಖಾಲಿ ಮಾಡುವಾಗ ಪೆಟ್ಟಿಗೆ ಸಮೇತ ಬಿಟ್ಟುಹೋದ ಸಾಕುಹಲ್ಲಿ ಅದು. ಹಳದಿ ಮೈ, ಮೇಲೆಲ್ಲ ಚಿರತೆಯ ಹಾಗೆ ಕಪ್ಪು ಚುಕ್ಕೆ. ದಪ್ಪಗಿರಬೇಕಾದ ಬಾಲ ಒಣಗಿ ಹುರಿಯಂತಾಗಿತ್ತು. ನೆರಳು ಕಂಡರೂ ತೆಂಗಿನ ಚಿಪ್ಪಿನೊಳಗೆ ನುಗ್ಗಿ ನಡುಗುತ್ತಿತ್ತು. ಯೋಗನರಸಿಂಹ ಶಿಡ್ಲಘಟ್ಟದ ಸಹೋದ್ಯೋಗಿ ಗಂಗರಾಜು ಕೈಲಿ ಊಟದ ಡಬ್ಬಿಯಲ್ಲಿ ರೇಷ್ಮೆಹುಳು ತರಿಸಿ, ಕಣ್ಣು ಮುಚ್ಚಿಕೊಂಡು ಚಿಮಟದಲ್ಲಿ ಹಿಡಿದು ಒಡ್ಡಿದರೂ ಅದು ಮೂಸಿಯೂ ನೋಡಿರಲಿಲ್ಲ. ಆ ಡಬ್ಬಿಯನ್ನು ಮಾತ್ರ ವಿಶಾಲಾಕ್ಷಮ್ಮ ಅಡುಗೆಮನೆಯ ಹೊಸಿಲು ದಾಟದಂತೆ ಶಾಶ್ವತವಾಗಿ ಹೊರಗಿಟ್ಟಿದ್ದರು.

ಹಲ್ಲಿಗೂ ಅದೇ ಗತಿ ಆಗಬೇಕಿತ್ತು. ಆದರೆ ಅದನ್ನು ಆಚೆ ಹಾಕಿಸಲು ಬಂದ ದಿನ ವಿಶಾಲಾಕ್ಷಮ್ಮ, "ಈ ಮನೆಗೆ ಬಂದಾಗಿಂದ ನಾನು ಒಂದು ದಿನ ಸುಖ ಪಟ್ಟಿಲ್ಲ," ಎಂದು ಶುರು ಮಾಡಿದ್ದೇ ತಡ, ಚಿಪ್ಪಿನೊಳಗಿಂದ "ಲೊಚ್!" ಎಂದಿತು. ವಿಶಾಲಾಕ್ಷಮ್ಮ ಬೆರಳಿಂದ ನೆಲ ತಟ್ಟಿ "ಕೃಷ್ಣ ಕೃಷ್ಣ" ಎಂದವರೇ ಅಲ್ಲೇ ಕೂತರು. ಮದುವೆಯಾದ ಇಷ್ಟು ವರ್ಷಕ್ಕೆ ಅವರ ಮಾತಿಗೆ ಒಂದು ಸಾಕ್ಷಿ ಸಿಕ್ಕಿತ್ತು. ಅವತ್ತಿನಿಂದ ಹಲ್ಲಿಯ ಹೆಸರು ಸತ್ಯಪ್ಪ. ಬೀದಿಯ ಹೆಂಗಸರೆಲ್ಲ ತಮ್ಮ ತಮ್ಮ ಅನುಮಾನ ಹೊತ್ತು ಬರತೊಡಗಿದರು.

ಈಗ ಅಮ್ಮಾಜಮ್ಮನ ಸರದಿ. ಮೊಮ್ಮಗಳು ಶಿರೀಷಾಗೆ ಚಿಂತಾಮಣಿಯಿಂದ ಸಂಬಂಧ ಬಂದಿತ್ತು. ಅವರು ಗಾಜಿಗೆ ಮೂಗು ತಾಗಿಸಿ, "ಹುಡುಗ ಕುಡಿಯಲ್ಲ ಅಂತಾರಪ್ಪ ಸತ್ಯಪ್ಪ," ಎಂದರು.

"ಲೊಚ್!"

"ಅವುನಾ, ಹೌದಾ! ಸದ್ಯ, ಬದುಕಿದೆ ಕಣಮ್ಮ." ನೆಲ ತಟ್ಟಿದರು. ಆದರೂ ಮನಸ್ಸು ತಡೆಯದೆ ಮತ್ತೆ ಬಗ್ಗಿದರು. "ಏನೋ, ಕದ್ದುಮುಚ್ಚಿ ಕುಡೀತಾನೇನೋ?"

"ಲೊಚ್!"

"ಇದೇನು ವಿಶಾಲಮ್ಮ, ಎರಡಕ್ಕೂ ಹೂಂ ಅಂತಾನಲ್ಲ!"

"ಎರಡೂ ನಿಜಾನೇ ಇರ್ಬೇಕು," ಎಂದರು ವಿಶಾಲಾಕ್ಷಮ್ಮ ಯೋಚಿಸಿ. "ಅಂದ್ರೆ ಹಬ್ಬ ಹರಿದಿನಕ್ಕೆ ಮಾತ್ರ ಕುಡೀತಾನೆ ಅಂತ."

"ಅಷ್ಟೇ ಆದ್ರೆ ಒಪ್ಕೋಬೋದು ಬಿಡು."

ಬಾಗಿಲಲ್ಲಿ ನಿಂತ ಯೋಗನರಸಿಂಹ ಅವರ ಎದೆ ಪ್ರತಿ ಲೊಚ್‌ಗೂ ಒಂದೊಂದು ಸಲ ಕುಸಿಯುತ್ತಿತ್ತು. "ರೀ ಅಮ್ಮಾಜಮ್ಮ, ಅದು ಸತ್ಯ ಹೇಳ್ತಿಲ್ಲ. ಹೆದರಿದೆ, ಇಲ್ಲಾ ಅದರ ಎದೆ ಕೆಟ್ಟಿದೆ. ಒಂದು ಸಂಜೆ ಒಂಟಿಯಾಗಿ ಬಿಡಿ ಅಂದಿದಾರೆ ಡಾಕ್ಟ್ರು."

"ಡಾಕ್ಟ್ರಿಗೇನು ಗೊತ್ತು ಸ್ವಾಮಿ? ಅವರೇನು ಇವನ ಜೊತೆ ಮಾತಾಡಿದಾರಾ?"

"ನಂಬಬೇಡಿ ಅಮ್ಮಾಜಮ್ಮ," ಎಂದರು ವಿಶಾಲಾಕ್ಷಮ್ಮ. "ಅವತ್ತು ನನ್ನ ಪರ ಹೇಳ್ತಲ್ಲ, ಆ ಹೊಟ್ಟೆಯುರಿ ಇವರಿಗೆ."

ಯೋಗನರಸಿಂಹ ಸುಳ್ಳು ಹೇಳಿ ಅಭ್ಯಾಸವಿದ್ದವರಲ್ಲ. ಆಫೀಸಿಗೆ ರಜೆ ಹಾಕುವಾಗಲೂ ಜ್ವರ ಬರುವವರೆಗೆ ಕಾಯುವವರು. ಆದರೆ ಹಲ್ಲಿಯ ಹೊಟ್ಟೆ ಪುಟಪುಟನೆ ಹಾರುತ್ತಿರುವುದನ್ನು ಅವರಿಗೆ ನೋಡಲಾಗಲಿಲ್ಲ. ಚಾಪೆಯ ಮೇಲೆ ಕಾಲಿಟ್ಟು, ಪೆಟ್ಟಿಗೆಯ ಮೇಲೆ ಬಗ್ಗಿ, "ಸತ್ಯಪ್ಪ, ಇವತ್ತಿಗೆ ಸಾಕು, ಎಲ್ರೂ ಆಚೆ ಹೋಗಬೇಕು ಅಂತೀಯಾ?" ಎಂದರು.

"ಲೊಚ್! ಲೊಚ್!"

ಇಬ್ಬರೂ ನೆಲ ತಟ್ಟಿ, ಕೈ ಮುಗಿದು, ಹಿಮ್ಮುಖವಾಗಿ ನಡೆದು ಹೊರಗೆ ಹೋದರು. ಬಾಳೆಹಣ್ಣು ಅಲ್ಲೇ ಉಳಿಯಿತು. ಛೆ, ನಾನೂ ಅದನ್ನೇ ಮಾಡಿದೆನಲ್ಲ ಎಂದು ಯೋಗನರಸಿಂಹ ಅವರ ಕಿವಿ ಕೆಂಪಾಯಿತು.

ಬಾಗಿಲು ಹಾಕಿದರು. ಬಾಟಲಿಯ ಮುಚ್ಚಳದಲ್ಲಿ ಒಂದು ರೇಷ್ಮೆಹುಳು ಹಾಕಿ ಪೆಟ್ಟಿಗೆಯೊಳಗಿಟ್ಟು, ಪಂಚೆ ಎತ್ತಿ ಕಟ್ಟಿ, ಮಂಚದ ಕೆಳಗೆ ತೂರಿಕೊಂಡರು. ಅಲ್ಲಿಂದ ಪೆಟ್ಟಿಗೆ ಕಾಣುತ್ತಿತ್ತು, ಪೆಟ್ಟಿಗೆಗೆ ಅವರು ಕಾಣುತ್ತಿರಲಿಲ್ಲ. ಮೂಗಿನ ಮೇಲೆ ಸೊಳ್ಳೆ ಕೂತಿತು, ಹೊಡೆಯಲಿಲ್ಲ. ಸೀನು ಬಂತು, ನುಂಗಿದರು. ಸದ್ದಿಲ್ಲ. ಬೀದಿಯಲ್ಲಿ ಸೊಪ್ಪಿನವನು ಕೂಗಿಕೊಂಡು ಹೋದ. ಆಗಲೂ ಪೆಟ್ಟಿಗೆಯಲ್ಲಿ ಸದ್ದಿಲ್ಲ.

ಆಮೇಲೆ ಚಿಪ್ಪಿನಿಂದ ಒಂದು ಹಳದಿ ಮೂಗು ಹೊರಬಂತು. ಆ ಕಡೆ ನೋಡಿತು, ಈ ಕಡೆ ನೋಡಿತು. ಒಣಗಿದ ಬಾಲದ ತುದಿ ಒಮ್ಮೆ ಅಲುಗಿತು. ಗಬಕ್! ಮುಚ್ಚಳ ಖಾಲಿ. ಸತ್ಯಪ್ಪ ತುಟಿ ನೆಕ್ಕಿಕೊಳ್ಳುತ್ತಿದ್ದ.

ಎದ್ದು ಕುಣಿಯಬೇಕೆನಿಸಿತು ಯೋಗನರಸಿಂಹ ಅವರಿಗೆ. ಎದ್ದರು ಕೂಡ. ಹಣೆ ಮಂಚದ ಹಲಗೆಗೆ ಬಡಿದು ಮತ್ತೆ ಮಲಗಿದರು. ನೋವು, ನಗು ಎರಡನ್ನೂ ಕೈಯಲ್ಲಿ ಅದುಮಿಟ್ಟುಕೊಂಡು ಪಿಸುಗುಟ್ಟಿದರು: "ಬದುಕ್ಕೊಂಡೆ ಕಣೋ ಸತ್ಯಪ್ಪ. ನಿಂಗೇನೂ ಆಗಿಲ್ಲ ಕಣಪ್ಪ!"

"ಲೊಚ್."

ಮಂಚದ ಕೆಳಗಿನ ಕತ್ತಲಲ್ಲಿ ಅವರ ಬೆರಳು ತಾನಾಗಿಯೇ ನೆಲ ತಟ್ಟಿತು. ಬಾಗಿಲಾಚೆಯಿಂದ ಇಬ್ಬರೂ ಒಟ್ಟಿಗೆ, "ಏನಂತೆ?" ಎಂದರು. ಪಿಸುಮಾತಿಗೆ ಹೆದರಿ ಅಂದದ್ದೋ, ಎದೆಯೊಳಗಿಂದ ಬಂದದ್ದೋ, ಇಲ್ಲಾ ಹೇಳಿದ್ದು ನಿಜವೆಂದೇ ಅಂದದ್ದೋ, ಅವರಿಗೆ ಗೊತ್ತಾಗಲಿಲ್ಲ. ಹೇಳುತ್ತಿರುವ ನಮಗೂ ಗೊತ್ತಿಲ್ಲ.