ಭಾವನ ಕೈ

"ಮಾವಾ, ಎತ್ಕೋ!" ಎನ್ನುತ್ತ ಪುಟ್ಟಿ ವೆಲ್ಡರನ ಕಡೆಗೆ ಓಡಿದಳು. ಅವಳು ಮುಟ್ಟುವ ಮೊದಲೇ ಅವಳ ಅಪ್ಪ ಛಂಗನೆ ಎದ್ದು, ತೋಳು ಹಿಡಿದು ಹಿಂದಕ್ಕೆಳೆದುಕೊಂಡ. ಮಗು ನೋವಿಗೆ ಚೀರಿತು.

ಆ ಅಪ್ಪ ವೆಲ್ಡರನ ಹೆಂಡತಿಯ ಅಣ್ಣ, ಯುದ್ಧನೌಕೆ ಕಟ್ಟುವ ಕಾರ್ಖಾನೆಯ ಸುರಕ್ಷತಾ ಅಧಿಕಾರಿ. ಹಿಂದಿನ ದಿನ ವೆಲ್ಡರ್ ಜಲಾಂತರ್ಗಾಮಿಯ ಅಣು ರಿಯಾಕ್ಟರ್ ಕೋಣೆಯಿಂದ ಹೊರಬಂದಾಗ ಮೈಗಂಟಿದ ವಿಕಿರಣದ ಧೂಳನ್ನು ಪತ್ತೆಹಚ್ಚುವ ಬಾಗಿಲಿನ ಯಂತ್ರ ಬಡಿದುಕೊಂಡಿತ್ತು. ಮರುದಿನದ ವಿಚಾರಣೆಯಲ್ಲಿ ಅದನ್ನು ಮುಚ್ಚಿಹಾಕಲೆಂದೇ ಆತ ತಂಗಿಯ ಮನೆಗೆ ಬಂದಿದ್ದ. ಅತ್ತೆ ಮನೆಗೆ ನಾನೂ ಬರ್ತೀನೆಂದು ಹಟ ಹಿಡಿದ ಮಗಳಿಗೆ ಬೇಡವೆನ್ನಲು ನೆಪ ಸಿಕ್ಕಿರಲಿಲ್ಲ.

"ಯಂತ್ರ ಕೆಟ್ಟಿತ್ತು ಅಂದ್ಬಿಡು. ನಿಂಗೇನೂ ಆಗಿಲ್ಲ. ನೌಕಾಪಡೆ ಕೆಲಸ ನಿಲ್ಸಿದ್ರೆ ಇಡೀ ಊರಿನ ಹೊಟ್ಟೆ ಮೇಲೆ ಹೊಡೆದ ಹಾಗೆ," ಎಂದು ಆತ ಅಷ್ಟು ಹೊತ್ತೂ ಒಮ್ಮೆ ಬೆಣ್ಣೆ ಹಚ್ಚಿ, ಒಮ್ಮೆ ಗದರಿಸಿ ಹೇಳಿದ್ದ. ತಿಳಿದವರು, ಮೇಲಾಗಿ ಮನೆಯವರು, ಸುಳ್ಳು ಹೇಳುತ್ತಾರೆಯೇ ಎಂದು ವೆಲ್ಡರನ ಮನಸ್ಸೂ ಅರ್ಧ ವಾಲಿತ್ತು.

"ಯಾಕಣ್ಣಾ ಹಾಗೆ ಎಳ್ಕೊಂಡೆ?" ತಂಗಿಯ ದನಿ ಗಡುಸಾಗಿತ್ತು.

"ಏನಿಲ್ಲ, ಬೀಳ್ತಾಳೇನೋ ಅಂತ." ಅಣ್ಣ ತಲೆ ಎತ್ತಲಿಲ್ಲ. ಮಗುವಿನ ತೋಳನ್ನೂ ಬಿಡಲಿಲ್ಲ.

ವೆಲ್ಡರ್ ಆ ಕೈಯನ್ನೇ ನೋಡಿದ. ಎದ್ದು, ಮಗುವಿನಿಂದ ತಾನೇ ದೂರ ಸರಿದು ಹೋಗಿ ಬಾಗಿಲು ತೆರೆದ.

"ಹೊರಡಿ ಭಾವ. ನಾಳೆ ವಿಚಾರಣೆಗೆ ಬರ್ತೀನಿ. ಯಂತ್ರ ಕೆಟ್ಟಿತ್ತೋ ಇಲ್ವೋ ನಂಗೊತ್ತಿಲ್ಲ. ನೀವು ಮಗೂನ ಎಳ್ಕೊಂಡಿದ್ದು ಕಣ್ಣಾರೆ ಕಂಡಿದೀನಿ, ಅದನ್ನೇ ಹೇಳ್ತೀನಿ."