ರಾಕ್ಷಸನ ದನಿ

ಟಿವಿ ಸದ್ದು ಇನ್ನೊಮ್ಮೆ ಕೇಳಿಸಿದರೆ ರೂಮು ಖಾಲಿ ಮಾಡಬೇಕೆಂದು ಮನೆಯ ಮಾಲಕಿ ಗದರಿಸಿ ಹೋಗಿದ್ದರು. ನನಗೆ ರೇಗಿತು. ಸದ್ದನ್ನು ಪೂರ್ತಿ ಬಂದ್ ಮಾಡಿ, ಟಿವಿಯಲ್ಲಿ ಬರುತ್ತಿದ್ದ ಹಳೆಯ ಕಪ್ಪು-ಬಿಳುಪು ಸಿನಿಮಾಕ್ಕೆ ನಾವೇ ದನಿ ಕೊಡತೊಡಗಿದೆವು. ರಾಕ್ಷಸ ನಾನು. ಅವನ ಮುಷ್ಟಿಯಲ್ಲಿ ಒದ್ದಾಡುವ ಹುಡುಗಿ ನನ್ನ ರೂಮಿನ ಗೆಳೆಯ.

ರಾಕ್ಷಸ ಬಾಯಿ ತೆರೆದ. ನಾನು ಗರ್ಜಿಸಿದೆ. ಬಾಗಿಲು ದೂಡಿಕೊಂಡು ಮಾಲಕಿ ಒಳಗೆ ಬಂದರು.

"ಟಿವಿ ಸೌಂಡ್ ಬಂದ್ ಐತ್ರಿ ಅಮ್ಮಾರ, ನೀವ ನೋಡ್ರಿ," ಎಂದೆ.

"ನೋಡಿದೆ. ಒದರಿದಾಂವ ಯಾರು?"

"ನಾನ ರೀ."

"ಏಳ ಮ್ಯಾಲ."

ಬಾಯಿಗೆ ಬಂದ ಬೈಗುಳ ನುಂಗಿಕೊಂಡು ಎದ್ದೆ. ಚೀಲಕ್ಕೆ ಬಟ್ಟೆ ತುರುಕತೊಡಗಿದೆ.

ಅವರು ಸೆರಗು ಸಿಕ್ಕಿಸಿಕೊಂಡು ಟಿವಿ ಮುಂದೆ ನನ್ನ ಜಾಗದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತರು.

"ರಾಕ್ಷಸ ಅಂದ್ರ ಆಡಿನಂಗ ಒದರ್ತಾನೇನೋ? ನಾ ಒದರ್ತೀನಿ, ನೀವಿಬ್ರೂ ಚೀರ್ರಿ."